ಮೂರು ವಾರದ ಚಿಪ್ಪು

ಪುಸ್ತಕ ಅಷ್ಟು ಚೊಕ್ಕಟವಾಗಿದ್ದದ್ದೇ ನನಗೆ ಅನುಮಾನ ತಂದಿತು.

ನಾನು ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನ ಅಟೆಂಡರ್. ಇಪ್ಪತ್ತೆರಡು ವರ್ಷದಿಂದ ಹುಡುಗರ ಪ್ರಾಜೆಕ್ಟ್ ಪುಸ್ತಕ ನೋಡುತ್ತಿದ್ದೇನೆ. ಹೊರಗೆ ಕೂತು ಬರೆದದ್ದಕ್ಕೆ ಕೆಸರು ಮೆತ್ತಿರುತ್ತದೆ, ಶಾಯಿ ಹರಡಿರುತ್ತದೆ. ಇದರಲ್ಲಿ ಒಂದು ಬೆರಳಿನ ಗುರುತೂ ಇರಲಿಲ್ಲ.

ಪುಸ್ತಕ ನನ್ನ ತಮ್ಮನ ಮಗಳದು. ಲ್ಯಾಬಿನ ಹಿಂದಿನ ಬೇಲಿಯೊಳಗೆ ಎರಡು ಬಗೆಯ ಬಸವನಹುಳುಗಳಿವೆ, ಪಟ್ಟೆಯವು ಮತ್ತು ಬೋಳು. ಹಕ್ಕಿಗಳು ಅವನ್ನು ಕಲ್ಲಿಗೆ ಕುಟ್ಟಿ ತಿನ್ನುತ್ತವೆ. ಯಾವುದು ಹೆಚ್ಚು ಹಕ್ಕಿಯ ಕಣ್ಣಿಗೆ ಬೀಳುತ್ತದೆ ಎಂದು ತಿಳಿಯಲು ಅವಳು ಪ್ರತಿ ಗುರುವಾರ ಒಡೆದ ಚಿಪ್ಪು ಆರಿಸಿ ತಂದು ಎಣಿಸಬೇಕು. ಒಟ್ಟು ಹನ್ನೆರಡು ವಾರ.

"ನನಗೆ ನಂಬಿಕೆ ಬರ್ತಿಲ್ಲ," ಎಂದರು ಮೇಡಂ, ಅವಳ ಗೈಡು. "ನಾಳೆ ಪ್ರಾಜೆಕ್ಟ್ ನೋಡೋ ಕಮಿಟಿ ಮುಂದೆ ಸುಳ್ಳು ಅಂತ ಆದ್ರೆ ಇವಳ ವರ್ಷ ಹೋಯ್ತು."

ಹುಡುಗಿ ಪ್ರಾಮಾಣಿಕಳು ಎಂದು ಮೇಡಂಗೆ ಹೇಳಿದ್ದವನು ನಾನೇ. ಮೈ ಉರಿಯಿತು. ಹೋಗಿ ಆ ಬೇಲಿಯ ಗೇಟಿನ ಬೀಗದ ಕೈ ಕೊಡುವ ರಿಜಿಸ್ಟರ್ ತೆಗೆದೆ. ಅವಳ ಸಹಿ ಒಂಬತ್ತೇ ಇದ್ದವು. ಐದು, ಆರು, ಏಳನೇ ವಾರ ಖಾಲಿ.

ಅವಳು ಸಿಂಕಿನಲ್ಲಿ ಬಾಟಲಿ ತೊಳೆಯುತ್ತಿದ್ದಳು.

"ಇದನ್ನ ಎಲ್ಲಿ ಬರೆದೆ? ಹಾಸಿಗೆ ಮೇಲೆ ಬಿದ್ಕೊಂಡಾ?"

"ಅದು ಫೇರ್ ಕಾಪಿ ದೊಡ್ಡಪ್ಪ. ರಫ್ ಗಲೀಜಾಗಿತ್ತು, ಹರಿದು ಹಾಕ್ದೆ. ಸ್ಕೂಲಲ್ಲಿ ಹಾಗೇ ತಾನೇ?"

ನಾನೂ ಅಂಥದೇ ಶಾಲೆಯಲ್ಲಿ ಓದಿದವನು. ಚಿತ್ತು ಕಂಡರೆ ಮೇಷ್ಟ್ರು ಗೆಣ್ಣಿಗೆ ಬಾರಿಸುತ್ತಿದ್ದರು. ಆದರೂ ಬಿಡಲಿಲ್ಲ.

"ಮೂರು ವಾರ ಬೀಗದ ಕೈ ತಗೊಂಡೇ ಇಲ್ಲ. ಬೇಲಿ ಹಾರಿದ್ಯಾ?"

"ಇಲ್ಲ. ಎಂಟನೇ ವಾರ ಹೋದಾಗ ಚಿಪ್ಪು ರಾಶಿ ಬಿದ್ದಿತ್ತು. ಅದನ್ನೇ ನಾಲ್ಕು ವಾರಕ್ಕೂ ಹಂಚಿ ಬರೆದೆ. ಖಾಲಿ ಬಿಟ್ರೆ ಮಾರ್ಕ್ಸ್ ಕಟ್ ಮಾಡ್ತಾರೆ ಅಂತ."

"ಕಳ್ಳಿ. ಮೂರು ವಾರ ಎಲ್ಲಿ ಸತ್ತಿದ್ದೆ?"

"ಬೀಗದ ಕೈ ನಿಮ್ಮ ಜೇಬಲ್ಲಿತ್ತು. ಮಂಡಿ ನೋವು ಅಂತ ನೀವು ರಜ ಹಾಕಿದ್ರಲ್ಲ. ಮನೆ ಹತ್ರ ಬಂದಿದ್ದೆ. ದೊಡ್ಡಮ್ಮ ಬಾಗಿಲಲ್ಲೇ ತಡೆದ್ರು. ದೊಡ್ಡಪ್ಪ ಇವತ್ತು ಡಾಕ್ಟರನ್ನೇ ಬೈದು ಕಳಿಸಿದಾರೆ, ನೀನು ಯಾವ ಲೆಕ್ಕ, ಹೋಗು ಅಂದ್ರು."

ಅದು ಸುಳ್ಳಲ್ಲ, ನನಗೇ ಮರೆತುಹೋಗಿತ್ತು. ಆದರೆ ರಾಶಿಯ ಕಥೆಯೂ ನಿಜವೆಂದು ಹೇಗೆ ನಂಬುವುದು? ಚಿಪ್ಪು ತೋರಿಸು ಎಂದೆ. ಮೇಜಿನ ಕೆಳಗಿನಿಂದ ರಟ್ಟಿನ ಡಬ್ಬ ಎಳೆದಳು. ತಾರೀಕು ಬರೆದ ಒಂಬತ್ತು ಕಾಗದದ ಪೊಟ್ಟಣ, ಅದರಲ್ಲಿ ಒಂದು ಮಾತ್ರ ದಪ್ಪ. ಸುರಿದು ಎಣಿಸಿದೆ. ಚಿಪ್ಪಿನ ಸುರುಳಿಯ ತುದಿ ಇರುವ ಚೂರನ್ನು ಮಾತ್ರ ಎಣಿಸಬೇಕು, ಇಲ್ಲದಿದ್ದರೆ ಒಂದೇ ಹುಳು ಎರಡಾಗುತ್ತದೆ. ತಪ್ಪು ಸಿಕ್ಕೇ ಸಿಗುತ್ತದೆ ಎಂದು ಎರಡು ಸಲ ಎಣಿಸಿದೆ. ದಪ್ಪ ಪೊಟ್ಟಣದಲ್ಲಿ ನೂರ ಎಂಬತ್ತನಾಲ್ಕು. ಪುಸ್ತಕದ ಆ ನಾಲ್ಕು ವಾರ ಕೂಡಿದರೂ ಅಷ್ಟೇ.

ಇಬ್ಬರೂ ಡಬ್ಬ ಹೊತ್ತು ಮೇಡಂ ಕೋಣೆಗೆ ಹೋದೆವು. ಹಂಚಿ ಬರೆದದ್ದನ್ನು ಅವಳೇ ಹೇಳಿದಳು. ಮೇಡಂ ಮುಖ ಗಂಟಿಕ್ಕಿದರು.

"ಮೂರು ವಾರ ಯಾಕೆ ಹೋಗಲಿಲ್ಲ?"

ಅವಳು ನೆಲ ನೋಡಿದಳು. ನನ್ನ ಹೆಸರು ಹೇಳಲಿಲ್ಲ. ಮೇಡಂ ಅವಳನ್ನು ಬಿಟ್ಟು ನನ್ನನ್ನು ನೋಡತೊಡಗಿದರು.

"ಬೀಗದ ಕೈ ನನ್ನ ಹತ್ರ ಇತ್ತು," ಎಂದೆ. "ಆಫೀಸಿಗೆ ಒಪ್ಪಿಸದೆ ರಜ ಹೋಗಿದ್ದೆ."

"ಬರೆದು ಕೊಡ್ತೀರಾ? ಮೆಮೊ ಬರುತ್ತೆ."

"ಬರಲಿ."

ಬರೆದು ಸಹಿ ಹಾಕಿ ಕೊಟ್ಟೆ. ಮೇಡಂ ಅದನ್ನು ಓದಿ ಪಕ್ಕಕ್ಕಿಟ್ಟರು.

"ಚಿಪ್ಪು ಎಣಿಸಿದ್ದು ಯಾರು?"

"ನಾನೇ."

"ದೊಡ್ಡಪ್ಪನ ಎಣಿಕೆ ನಾನು ನಂಬಲ್ಲ. ಸುರೀರಿ ಇಲ್ಲಿ."

ಕನ್ನಡಕ ಏರಿಸಿ ಎಣಿಸಲು ಕೂತರು. ಹುಡುಗಿ ನನ್ನ ಅಂಗಿಯ ತುದಿ ಹಿಡಿದು ನಿಂತಿದ್ದಳು. ಎಂಟು ಪೊಟ್ಟಣ ಸರಿಹೋದವು. ದಪ್ಪದ್ದನ್ನು ಎರಡೆರಡೇ ಸರಿಸುತ್ತಾ ಕೊನೆಗೆ ನೂರ ಎಂಬತ್ತನಾಲ್ಕು ಎಂದರು.

"ಆ ನಾಲ್ಕು ಸಾಲು ಹೊಡೆದು ಹಾಕು. ಒಟ್ಟಿಗೆ ಒಂದೇ ಲೆಕ್ಕ ಅಂತ ಬರಿ. ಯಾಕೆ ಅಂತಾನೂ ಬರಿ. ಮಾರ್ಕ್ಸು ಕಡಿಮೆ ಆಗುತ್ತೆ, ಅನುಭವಿಸು. ನಾಳೆ ಒಂಬತ್ತಕ್ಕೆ ಕಮಿಟಿ ಮುಂದೆ ಬಾ, ಡಬ್ಬ ಸಮೇತ."