ತಾತನನ್ನು ತರುವ ಕೊಂಬೆ

ಎಲಚಿ ಕೊಂಬೆ ಹಿಡಿದವನು ದಾರಿಯಲ್ಲಿ ಬದುಕಿರುವವರ ಜೊತೆ ಮಾತಾಡುವಂತಿಲ್ಲ, ಸತ್ತವರ ಜೊತೆ ಮಾತ್ರ. ಜೋಹಾನ್ಸ್‌ಬರ್ಗಿನ ಗಣಿಯಲ್ಲಿ ತಾತ ಸತ್ತ ಜಾಗಕ್ಕೆ ಹೋಗಿ, ಅವರ ಆತ್ಮವನ್ನು ಕೊಂಬೆಗೆ ಕರೆದು ನಮ್ಮೂರು ಮ್ಸಿಂಗಾಕ್ಕೆ ತರುವ ಕೆಲಸ ಹಿರಿಮಗನಾದ ನನ್ನ ಪಾಲಿಗೆ ಬಂದಿತ್ತು. ಅವರು ಸತ್ತ ಮೇಲೆ ಬಿಳಿಯ ಜಮೀನುದಾರ ನಮ್ಮನ್ನು ಒಕ್ಕಲೆಬ್ಬಿಸಿದ. ಈಗಿನ ಮನೆ ತಾತನಿಗೆ ಗೊತ್ತೇ ಇಲ್ಲ. ಹಾಸಿಗೆ ಹಿಡಿದ ಅಪ್ಪನದು ಒಂದೇ ಹಟ: "ನನ್ನಪ್ಪ ಬಂದು ಕರೆಯೋ ತನಕ ನಾನು ಹೊರಡಲ್ಲ."

ಕಾರು ಓಡಿಸುತ್ತಿದ್ದವಳು ತಂಗಿ ಜಿಬುಯಿಲೆ. ದೊಡ್ಡ ಕಲಾವಿದೆ. ಗಣಿಯವರ ಹಳೇ ಕಂಬಳಿ, ತುಕ್ಕು ತಂತಿ, ಹಿಂದಿನ ಬಿಳಿಯರ ಸರ್ಕಾರ ಕರಿಯರ ಓಡಾಟಕ್ಕೆ ಕಡ್ಡಾಯ ಮಾಡಿದ್ದ ಪಾಸ್ ಪುಸ್ತಕದ ಹಾಳೆ, ಎಲ್ಲ ಸೇರಿಸಿ ಗೋಡೆಯಗಲ ಹೊಲಿಯುತ್ತಾಳೆ. ನೆಲೆ ಕಳೆದುಕೊಂಡವರ ಚರಿತ್ರೆ ಅನ್ನುತ್ತಾಳೆ. ನನ್ನ ಕಣ್ಣಿಗೆ ಗುಜರಿ. ಆದರೂ ಹೆಮ್ಮೆಯಿತ್ತು.

ಗಣಿಯಲ್ಲಿ ತಾತನನ್ನು ಕರೆದು ವಾಪಸ್ ಬರುವಾಗ ಟುಗೇಲಾ ಸೇತುವೆ ಬಂತು. "ತಾತ, ನದಿ ದಾಟ್ತಿದೀವಿ. ಹೆದರ್ಬೇಡಿ, ಜೊತೇಲೇ ಬನ್ನಿ," ಎಂದೆ. ಅವಳು ಗಕ್ಕನೆ ಕಾರು ನಿಲ್ಲಿಸಿದಳು.

"ಅಣ್ಣಾ, ಅದ್ರಲ್ಲಿ ತಾತ ಇಲ್ಲ."

ನಾನು ದುರುಗುಟ್ಟಿ ನೋಡಿದೆ.

"ಹೋದ ವರ್ಷ ನಾನೇ ಗಣಿಗೆ ಹೋಗಿದ್ದೆ. ಕೊಂಬೆ ಹಿಡಿದು, ಕುಲದ ಹೆಸರು ಹೇಳಿ, ಮನೆಗೆ ಹೋಗೋಣ ಬನ್ನಿ ಅಂದೆ. ಕಲಾಕೃತಿಗೆ ಬೇಕಿತ್ತು, ಸುಮ್ನೆ ಶಾಸ್ತ್ರಕ್ಕೆ ಕರೆದೆ. ಬಂದೇಬಿಟ್ರು. ಹಿಂದಿನ ಸೀಟಲ್ಲಿ ದಾರಿಯುದ್ದಕ್ಕೂ ಕೆಮ್ಮು."

ನಾನು ಕೊಂಬೆಗೇ ಹೇಳಿದೆ: "ತಾತ, ಈ ಮಹಾರಾಣೀನ ಕೇಳಿ, ಆ ಕೊಂಬೆ ಎಲ್ಲಿ ಅಂತ."

"ಕಂಬಳಿಗೆ ಹೊಲಿದೆ. ಮಾರಾಟ ಆಯ್ತು. ಸಮುದ್ರದಾಚೆ ಯಾರದೋ ಮನೆ ಗೋಡೆ ಮೇಲಿದೆ. ವಾಪಸ್ ಕೊಡಿ ಅಂತ ಬರೆದೆ, ಕೊಡಲ್ಲವಂತೆ." ಅವಳು ಹಿಂದಿನ ಸೀಟಿನತ್ತ ತಿರುಗಿದಳು. "ಇವತ್ತು ನೀನು ಕರೆದ್ರೆ ಬರ್ತಾರೇನೋ ಅಂತ ಬೆಳಗಿನಿಂದ ಕಿವಿಗೊಟ್ಟೆ ಅಣ್ಣಾ. ಹಿಂದೆ ಯಾರೂ ಇಲ್ಲ."

ಬೆಳಗಿನಿಂದ ನಾನು ಸೌದೆಯ ಜೊತೆ ಹರಟಿದ್ದೆ. ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಕೈಯಲ್ಲಿ ಕೊಂಬೆಯಿತ್ತು.

ಅಂಗಳದಲ್ಲಿ ಮೇಕೆ ಕಟ್ಟಿ ನೆಂಟರೆಲ್ಲ ಕಾಯುತ್ತಿದ್ದರು. ತಿಂಗಳಿಂದ ತಲೆ ಎತ್ತದ ಅಪ್ಪ ಚಾಪೆಯ ಮೇಲೆ ಎದ್ದು ಕೂತಿದ್ದರು.

"ಬಂದ್ರೇನೋ, ಭೆಕುಮುಜಿ?"

ಜಿಬುಯಿಲೆ ಹೊಸಿಲಾಚೆಯೇ ನಿಂತಳು. ಅಪ್ಪನ ಮುಖ ನೋಡಿ ನನಗೆ ನಿಜ ಹೇಳಲು ಬಾಯಿ ಬರಲಿಲ್ಲ.

"ಬಂದ್ರಪ್ಪ."

ಅಪ್ಪ ಮುಳ್ಳನ್ನೂ ಲೆಕ್ಕಿಸದೆ ಕೊಂಬೆಯನ್ನು ಎದೆಗೊತ್ತಿಕೊಂಡರು. ಆಮೇಲೆ ನಿಧಾನವಾಗಿ ಒರಗಿ, ಕಣ್ಣು ಮುಚ್ಚಿ, ಕೈ ಚಾಚಿದರು. "ಅಪ್ಪಾ, ಕೈ ಹಿಡ್ಕೊಳ್ಳಿ. ನನಗೆ ದಾರಿ ಗೊತ್ತಿಲ್ಲ."

ಆ ಕೈ ಬಹಳ ಹೊತ್ತು ಹಾಗೇ ಚಾಚಿಕೊಂಡಿತ್ತು.