ಒಂದು ಉಸಿರು ತಡ

"ಅಣ್ಣಾ, ಆ ಬಿಳಿ ಪ್ಲಗ್ಗು ಮುಟ್ಟಬೇಡ."

ಮೇಜಿನ ಕೆಳಗೆ ಮೊಣಕಾಲೂರಿ ಕೂತಿದ್ದ ಅಣ್ಣನ ಕೈ ಅಲ್ಲೇ ನಿಂತಿತು. ಇನ್ನೊಂದು ಕೈಯಲ್ಲಿ ಟೀ ಪಾತ್ರೆಯ ವೈರಿತ್ತು. ತಂಗಿಯ ಗಂಡ ತೀರಿಕೊಂಡ ಮನೆಗೆ ಬಂದವರಿಗೆ ಬಿಸಿಬಿಸಿ ಟೀಯಾದರೂ ಸಿಗಲಿ ಅಂತ ಕರೆಂಟಿನಲ್ಲಿ ಕಾಯುವ ದೊಡ್ಡ ಪಾತ್ರೆ ತಂದಿದ್ದ. ಅಡುಗೆಮನೆಯ ಪ್ಲಗ್ಗು ಅದರ ಭಾರ ತಾಳದೆ ಒಮ್ಮೆ ಕಿಡಿ ಹಾರಿಸಿ ಸುಮ್ಮನಾಗಿತ್ತು. ಈ ಕೋಣೆಯಲ್ಲಾದರೆ ಗೋಡೆಯುದ್ದಕ್ಕೂ ಪ್ಲಗ್ಗುಗಳೇ, ಆದರೆ ಖಾಲಿ ಅಂತ ಒಂದೂ ಇಲ್ಲ.

"ಇಷ್ಟರಲ್ಲಿ ಒಂದು ಕಿತ್ತರೆ ಏನಾಗತ್ತೆ?"

"ಬೇರೆ ಯಾವುದಾದರೂ ಕೀಳು. ಅದನ್ನ ಕಿತ್ತರೆ ಅವರ ಕೊನೇ ಹಾಡು ಹೋಗತ್ತೆ."

ಹಾಡಂತೆ ಹಾಡು ಅನ್ನುವ ಮಾತು ಅಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದ ಹಾಲಿನಲ್ಲಿ ಭಾವ ಬಿಳಿ ಹೊದಿಕೆಯಡಿ ಮಲಗಿದ್ದು ನೆನಪಾಗಿ ನುಂಗಿಕೊಂಡ. ಮೇಜಿನ ದೀಪದ ಪ್ಲಗ್ಗು ಕಿತ್ತು ಟೀ ಪಾತ್ರೆಯದನ್ನು ಸಿಕ್ಕಿಸಿದ.

ಬಿಳಿ ಪ್ಲಗ್ಗಿನ ಇನ್ನೊಂದು ತುದಿಯಲ್ಲಿ, ನೆಲದ ಮೇಲೆ, ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಇತ್ತು. ಸತ್ತವನೇ ಬೆಸುಗೆ ಹಾಕಿ ಮಾಡಿಕೊಂಡದ್ದು. ಗಿಟಾರಿನಲ್ಲಿ ನಾಲ್ಕು ಸ್ವರ ನುಡಿಸಿದರೆ ಪೆಟ್ಟಿಗೆ ಅದನ್ನು ಹಿಡಿದಿಟ್ಟುಕೊಂಡು, ಒಂದಿಷ್ಟು ಉಜ್ಜಿ, ಒಂದಿಷ್ಟು ಎಳೆದು, ಸುತ್ತಿ ಸುತ್ತಿ ವಾಪಸ್ ಕೊಡುತ್ತಿತ್ತು. ಕಾಲಲ್ಲಿ ಒತ್ತಲು ಎರಡು ಗುಂಡಿ. ಎಡಗಡೆಯದು ಶುರು ಮಾಡಲು. ಬಲಗಡೆಯದನ್ನು ಒತ್ತಿದರೆ ಕಿಟಕಿಯಾಚೆ ನೇತುಬಿಟ್ಟ ಮೈಕಿಗೆ ಕೇಳಿಸಿದ್ದೆಲ್ಲ ಒಂದು ಸುತ್ತು ಅದರ ಮೇಲೆ ಕೂರುತ್ತಿತ್ತು. ಕೂತದ್ದನ್ನು ಮತ್ತೆ ಬಿಡಿಸಲು ಬರುತ್ತಿರಲಿಲ್ಲ, ಕರೆಂಟು ಹೋದರಂತೂ ಪೆಟ್ಟಿಗೆಗೆ ಹುಟ್ಟಿದ್ದೇ ಮರೆತುಹೋಗುತ್ತಿತ್ತು. ಸತ್ತವನ ಮಗಳು ನಿನ್ನೆ ಹಾಡನ್ನು ಫೋನಿಗೆ ತುಂಬಿಕೊಳ್ಳಲು ನೋಡಿದ್ದಳು. ಆ ಗುಂಯ್ ಅನ್ನುವುದೆಲ್ಲ ಫೋನಿನ ಬುದ್ಧಿಗೆ ಕಸವಾಗಿ ಕಂಡು, ಗುಡಿಸಿ ಹಾಕಿ, ಬರೀ ಖಾಲಿ ಕೊಟ್ಟಿತ್ತು. ಆ ಫೋನಿನ ಪರವಾಗಿ ಸಾಕ್ಷಿ ಹೇಳಲು ಅಣ್ಣ ತಯಾರಿದ್ದ.

ನಾಳೆ ನನ್ನ ಆಫೀಸಿನ ಒಬ್ಬರು ಸರಿಯಾದ ಯಂತ್ರ ತರುತ್ತಾರೆ, ಅಲ್ಲೀತನಕ ಪ್ಲಗ್ಗು ಕಾಯಬೇಕು ಅಂತ ಮಗಳು ಹೇಳಿದ್ದಳು. ಸತ್ತವನ ಹೆಂಡತಿಯ, ಅಂದರೆ ಈ ತಂಗಿಯ, ಚಿಂತೆ ಅದಲ್ಲ. ಹಾಡು ಅರ್ಧಕ್ಕೇ ನಿಂತಿತ್ತು. ಅದನ್ನು ಮುಗಿಸಬಲ್ಲವನು ಒಬ್ಬನೇ. ಅವನಿಗೆ ಬೆಳಿಗ್ಗೆಯೇ ಫೋನು ಮಾಡಿದ್ದಳು. ಮಧ್ಯಾಹ್ನ ಹೆಣ ಒಯ್ಯುವ ಗಾಡಿ ಬರುವುದರೊಳಗೆ ಅವನು ಬರಬೇಕಿತ್ತು.

"ಬರ್ತಾನೆ ಅಂತ ಕೂತಿದೀಯಾ?" ಅಂದ ಅಣ್ಣ. "ಆ ನಿಧಾನಿ ಭಾವನ ಮುಖ ನೋಡಿ ಎಷ್ಟು ವರ್ಷ ಆಯ್ತು."

"ಬರ್ತೀನಿ ಅತ್ತಿಗೆ ಅಂದಿದಾರೆ."

"ಬರೋದು ಬರ್ತಾನೆ. ಯಾವಾಗ ಅಂತ ಹೇಳಿದನಾ?"

ಅವಳು ಕಿಟಕಿಯಿಂದ ಬಗ್ಗಿ ಬೀದಿಯ ತುದಿ ನೋಡಿದಳು.

*

ನಿಧಾನಿ ಅನ್ನುವ ಹೆಸರಿಟ್ಟವನು ಸತ್ತವನೇ. ಇಬ್ಬರಿಗೂ ಮೀಸೆ ಚಿಗುರುತ್ತಿದ್ದ ಕಾಲ. ಒಬ್ಬನದು ಗಿಟಾರು, ಇನ್ನೊಬ್ಬನದು ಡ್ರಮ್ಮು. ಸಣ್ಣಪುಟ್ಟ ಹಾಲುಗಳಲ್ಲಿ, ಕಾಲೇಜುಗಳಲ್ಲಿ, ಕರೆದ ಕಡೆಯೆಲ್ಲ ನುಡಿಸುತ್ತಿದ್ದರು. ಗಿಟಾರಿನವನು ಕೈ ಎತ್ತಿದ ಕ್ಷಣಕ್ಕೆ ಡ್ರಮ್ಮು ಬೀಳಬೇಕು. ಇವನದು ಬೀಳುತ್ತಿರಲಿಲ್ಲ. ಒಂದು ಉಸಿರು ಎಳೆದು, ಆಮೇಲೆ ಢಬ್. ಕೇಳುವವರಿಗೆ ಅದೇ ಇಷ್ಟ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಆ ಢಬ್ಬಿಗೆ ಕಾಯುತ್ತಿದ್ದರು. ಗಿಟಾರಿನವನಿಗೆ ಮಾತ್ರ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಲೋ, ನಿನ್ನನ್ನ ಹೆರೋವಾಗಲೂ ನಿಮ್ಮಮ್ಮ ಹೀಗೇ ಕಾದಿರಬೇಕು ಕಣೋ, ಅನ್ನುತ್ತಿದ್ದ.

ಆಮೇಲೆ ಗಿಟಾರಿನವನಿಗೆ ಯಂತ್ರಗಳ ಹುಚ್ಚು ಹತ್ತಿತು. ತಾನೇ ತಾಳ ಹಾಕುವ ಒಂದು ಡಬ್ಬಿ ಕೊಂಡು ತಂದ. ಅಭ್ಯಾಸದ ಕೋಣೆ ಕಿಷ್ಕಿಂಧೆ, ಇಡಲು ಬೇರೆ ಜಾಗವಿಲ್ಲದೆ ಡ್ರಮ್ಮಿನವನ ಸ್ಟೂಲಿನ ಮೇಲಿಟ್ಟ. ಅಷ್ಟೇ. ಬೇಕೂಂತ ಮಾಡಿದ್ದಲ್ಲ. ನಿಧಾನಿ ಎಂದಿನಂತೆ ತಡವಾಗಿ ಬಂದವನು, ಬಾಗಿಲಲ್ಲೇ ನಿಂತು, ತನ್ನ ಸ್ಟೂಲಿನ ಮೇಲೆ ಕೂತು ಟಕಟಕ ಅನ್ನುತ್ತಿದ್ದ ಡಬ್ಬಿಯನ್ನು ನೋಡಿದ.

"ಇವನು ಟೈಮಿಗೆ ಸರಿಯಾಗಿ ಬರ್ತಾನಲ್ಲ. ಇವನ ಜೊತೆಗೇ ಸುಖವಾಗಿರು."

ಕೋಲುಗಳನ್ನು ಎತ್ತಿಕೊಂಡು ಹೊರಟುಹೋದ. ಇಂದು ಬರುತ್ತಾನೆ ನಾಳೆ ಬರುತ್ತಾನೆ ಅಂತ ಗಿಟಾರಿನವನು ಕಾದ, ಕರೆಯುತ್ತಾನೆ ಅಂತ ನಿಧಾನಿ ಕಾದ. ಇಬ್ಬರದೂ ಒಂದೇ ಹಟ. ನಿಧಾನಿ ಒಂದು ಗ್ಯಾರೇಜು ಸೇರಿ ನೆಗ್ಗಿದ ಕಾರುಗಳ ತಗಡು ಬಡಿದು ನೆಟ್ಟಗೆ ಮಾಡುವ ಕೆಲಸಕ್ಕೆ ನಿಂತ. ಇವನು ಕಿವಿಗೆ ಹಾಕುವ ಯಂತ್ರಗಳ ಅಂಗಡಿ ಸೇರಿದ. ಹಗಲು ಮುದುಕರ ಕಿವಿ ರಿಪೇರಿ, ಬಿಡುವು ಸಿಕ್ಕಾಗ ಮನೆಯಲ್ಲಿ ಗುಂಯ್. ಬೀದಿಯವರು ಗುಂಯಪ್ಪ ಅಂತ ಹೆಸರಿಟ್ಟರು.

*

ಗುಂಯಪ್ಪನನ್ನು ನೋಡಲು ಆ ದಿನ ಹಾಲ್ ತುಂಬ ಬಂದಿದ್ದವರು ಆ ಮುದುಕರೇ. ಅವನ ಹಾಡನ್ನು ಕೊನೆಯವರೆಗೂ ಕೂತು ಕೇಳುತ್ತಿದ್ದವರೂ ಅವರೇ. ಕಿವಿಯಂತ್ರದ ಗುಂಡಿ ತಿರುಗಿಸಿ ಬಂದ್ ಮಾಡಿಕೊಂಡು ತಲೆಯಾಡಿಸುತ್ತಾರೆ ಅಂತ ಅಣ್ಣ ಗೇಲಿ ಮಾಡುತ್ತಿದ್ದ. ಹಿಂದಿನ ಪೋಸ್ಟ್ ಮಾಸ್ಟರ್ ಒಬ್ಬರು ಸತ್ತವನ ತಲೆಯ ಹತ್ತಿರ ಕೂತು, ಯಾರೂ ಕೇಳದಿದ್ದರೂ ಹೇಳುತ್ತಲೇ ಇದ್ದರು. ಬೇರೆ ಅಂಗಡಿಯವರು ಮಾತು ಕೇಳಿಸುವ ಹಾಗೆ ಯಂತ್ರ ಕೂರಿಸಿ ಕಳಿಸುತ್ತಾರಂತೆ. ಇವನು ಮಾತ್ರ, ನಿಮಗೆ ಏನು ಕೇಳಬೇಕು ಅನ್ನಿಸತ್ತೆ, ಅಂತ ವಿಚಾರಿಸಿದ್ದನಂತೆ. ನನ್ನವಳು ಹೂವಿನ ಕುಂಡಕ್ಕೆ ನೀರು ಹಾಕೋ ಸದ್ದು ಅಂದಿದ್ದೆ, ಕೇಳಿಸಿಯೇ ಬಿಟ್ಟ ಕಣಮ್ಮ, ಅಂದರು. ಹೆಂಡತಿಗೆ ಅದುವರೆಗೆ ತಡೆದಿದ್ದ ಅಳು ಆಗ ಬಂತು. ಎದ್ದು ಕೋಣೆಗೆ ಹೋದಳು.

*

ಕಳೆದ ಕೆಲವು ತಿಂಗಳು ಗುಂಯಪ್ಪನಿಗೆ ಈ ಹಾಡಿನದೇ ಧ್ಯಾನ. ಗಿಟಾರಿನ ನಾಲ್ಕು ಸ್ವರ ಬರುತ್ತಿತ್ತು, ಅದರ ಹಿಂದೆ ಫ್ರಿಜ್ಜಿನ ಗುಂಯ್, ಬೀದಿಯ ಬಸ್ಸಿನ ಸದ್ದು ಎಳೆದೆಳೆದು ಮಾಡಿದ ಇನ್ನೊಂದು ಗುಂಯ್. ಆಮೇಲೆ ಎಲ್ಲವೂ ಒಟ್ಟಿಗೆ ನಿಂತು ಒಂದು ಖಾಲಿ ಜಾಗ. ಅಲ್ಲಿ ಏನೋ ಬೀಳಬೇಕು. ತಾಳದ ಡಬ್ಬಿಯದನ್ನು ಹಾಕಿ ನೋಡಿದ, ತುಸು ಹಿಂದಕ್ಕೆ ಸರಿಸಿದ, ಇನ್ನೂ ತುಸು ಸರಿಸಿದ. ಗಿಟಾರಿನ ಮರಕ್ಕೆ ಬೆರಳ ಗೆಣ್ಣಿನಿಂದ ಹೊಡೆದ. ಪಾತ್ರೆಯ ಮುಚ್ಚಳ ಬೀಳಿಸಿದ. ಬಾಗಿಲು ಬಡಿದ. ಎಲ್ಲವನ್ನೂ ಮೊದಲು ಬೇರೆ ಯಂತ್ರದಲ್ಲಿ ಕೂಡಿಸಿ ಕೇಳುವುದು, ಮುಖ ಸಿಂಡರಿಸಿ ಅಳಿಸುವುದು. ಡಬ್ಬಿಗೆ ತಡ ಮಾಡೋಕೆ ಬರಲ್ಲ, ಬರೀ ಲೇಟಾಗೋಕೆ ಬರತ್ತೆ, ಅಂತ ಗೊಣಗುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಹೆಂಡತಿಯನ್ನೇ ಕರೆದು ಮೇಜಿನ ಮುಂದೆ ಕೂರಿಸಿದ. ಒಂದು ಉಸಿರು ಬಿಟ್ಟು ಹೊಡಿ ಅಂದ. ಹೊಡೆದಳು.

"ಇಲ್ಲ. ನೀನು ಲೆಕ್ಕ ಹಾಕ್ತಿದೀಯ."

"ಮತ್ತೆ ಹೇಗೆ ಹೊಡೀಬೇಕು?"

"ಮರೆತುಬಿಡಬೇಕು. ಆಮೇಲೆ ಅಯ್ಯೋ ಅಂತ ನೆನಪಾಗಿ ಹೊಡೀಬೇಕು."

"ಹಾಗೆ ಹೊಡೆಯೋರು ಒಬ್ಬರೇ ಇರೋದು," ಅಂದಳು. "ಫೋನು ತಗೊಳ್ಳಿ, ಮಾಡಿ."

ಅವನು ಶ್ರುತಿಯಾಗಿಯೇ ಇದ್ದ ತಂತಿಯನ್ನು ಮತ್ತೆ ಶ್ರುತಿ ಮಾಡುತ್ತ ಕೂತ. ಇದೊಂದು ಮುಗೀಲಿ, ಆಮೇಲೆ ಕರೆದು ಕೇಳಿಸ್ತೀನಿ, ಅಂದ. ಅದು ಮುಗಿಯಲಿಲ್ಲ. ಆ ವಾರವೇ ಅಂಗಡಿಯಲ್ಲಿ ಯಾರದೋ ಕಿವಿಯಂತ್ರ ಕೈಯಲ್ಲಿ ಹಿಡಿದು ಕೂತವನು ಕೂತ ಹಾಗೆಯೇ ಹೋಗಿಬಿಟ್ಟ.

*

ಗಾಡಿ ಹೇಳಿದ ಹೊತ್ತಿಗೇ ಬಂತು. ಇಂಥವು ಯಾವಾಗಲೂ ಹೇಳಿದ ಹೊತ್ತಿಗೇ ಬರುತ್ತವೆ. ಹೆಂಡತಿ ಬಾಗಿಲಿಗೂ ಕಿಟಕಿಗೂ ಓಡಾಡಿದಳು. ಸ್ವಲ್ಪ ಹೊತ್ತು ನೋಡೋಣ ಅಂದಳು. ನೋಡಿದರು. ಡ್ರೈವರು ತನಗೆ ಇನ್ನೊಂದು ಮನೆಗೂ ಹೋಗಬೇಕಿದೆ ಅಂತ ಮೆಲ್ಲಗೆ ಅಣ್ಣನ ಕಿವಿಯಲ್ಲಿ ಹೇಳಿದ. ಕೊನೆಗೆ ಅವಳೇ, ತಗೊಂಡು ಹೋಗಿ, ಅಂದಳು. ಇಳಿಸಿದರು. ಮಗಳು ಅಪ್ಪನ ಪಕ್ಕದಲ್ಲೇ ಮೆಟ್ಟಿಲಿಳಿದು, ಗಾಡಿಯ ಮುಂದಿನ ಸೀಟು ಹತ್ತಿದಳು.

ಹೆಂಡತಿ ಕೋಣೆಗೆ ವಾಪಸ್ ಬಂದಳು. ಮುಗಿದಿರಲಿ ಬಿಡಲಿ, ಅವನ ಹಾಡು ಕೇಳಿಸಿಯೇ ಕಳಿಸುತ್ತೇನೆ ಅಂತ ಕಿಟಕಿ ಪೂರ್ತಿ ತೆಗೆದು, ಸ್ಪೀಕರನ್ನು ಬೀದಿಗೆ ತಿರುಗಿಸಿ, ಎಡಗಡೆಯ ಗುಂಡಿ ಒತ್ತಿದಳು.

ಕೆಳಗೆ ಮುದುಕರೆಲ್ಲ ಕಿವಿಗೆ ಕೈ ಹಾಕಿದರು. ಯಂತ್ರ ಕೆಟ್ಟಿತೇನೋ ಅಂತ ಒಬ್ಬರಿಗೆ ಗಾಬರಿ. ಪೋಸ್ಟ್ ಮಾಸ್ಟರ್ ಮಾತ್ರ ತಮ್ಮದರ ಸದ್ದು ಏರಿಸಿಕೊಂಡರು. ಗಾಡಿಯ ಹಿಂಬಾಗಿಲು ಮುಚ್ಚಿತು.

ಆಗ ಬಂದ ನಿಧಾನಿ. ಗ್ಯಾರೇಜಿನ ಬಟ್ಟೆಯಲ್ಲೇ, ತಲೆ ಪೂರ್ತಿ ಬೆಳ್ಳಗಾಗಿ, ಬೀದಿಯ ತುದಿಯಿಂದ ಓಡಿ ಬಂದು, ಮುಚ್ಚಿದ ಬಾಗಿಲಿಗೆ ಎರಡೂ ಅಂಗೈ ಊರಿ ಏದುಸಿರು ಬಿಟ್ಟ. ತೆಗೀಲಾ ಅಂತ ಡ್ರೈವರು ಕೇಳಿದ. ಬೇಡ ಅಂತ ಕೈಯಾಡಿಸಿದ. ಯಾವ ಮುಖ ಇಟ್ಟುಕೊಂಡು ನೋಡಲಿ ಅನ್ನಿಸಿರಬೇಕು.

"ಬಂದೆ ಕಣೋ," ಅಂದ ತಗಡಿಗೆ.

ಮೇಲಿನಿಂದ ನಾಲ್ಕು ಸ್ವರ ಇಳಿದು ಬಂತು. ಅದರ ಹಿಂದೆ ಗುಂಯ್. ಆಮೇಲೆ ಖಾಲಿ. ಅವನು ತಲೆ ಎತ್ತಿದ. ಮತ್ತೆ ನಾಲ್ಕು ಸ್ವರ, ಮತ್ತೆ ಖಾಲಿ.

ಹೆಂಡತಿ ಕಿಟಕಿಯಿಂದ ಬಗ್ಗಿದಳು. "ಅದು ನಿಮ್ಮ ಜಾಗ. ಡಬ್ಬಿ ಕೈಲಿ ಆಗಲಿಲ್ಲವಂತೆ. ನನ್ನ ಕೈಲೂ ಹೊಡೆಸಿ ನೋಡಿದರು, ಆಗಲಿಲ್ಲ."

ಅವನಿಗೆ ಅಲ್ಲೇ ಅಳು ಬಂತು. ಕಣ್ಣೊರೆಸಿಕೊಳ್ಳುತ್ತ ಇರುವಾಗಲೇ ಮುಂದಿನ ಸುತ್ತು ಶುರುವಾಯಿತು. ಹೆಂಡತಿ ಬಲಗಡೆಯ ಗುಂಡಿಯನ್ನು ಕಾಲಲ್ಲಿ ಒತ್ತಿದಳು. ನಾಲ್ಕು ಸ್ವರ ಬಂತು. ಗುಂಯ್ ಬಂತು. ಖಾಲಿ ಬಂತು. ಅವನು ಇನ್ನೂ ಕಣ್ಣೊರೆಸುತ್ತಲೇ ಇದ್ದ. ತಟ್ಟನೆ ನೆನಪಾಗಿ, ಅಂಗೈ ಮಡಚಿ, ಗಾಡಿಯ ತಗಡಿಗೆ ಹೊಡೆದ.

ಢಬ್.

ಅದೇ ಹೊತ್ತಿಗೆ ಕೋಣೆಯೊಳಗೆ, ಟೀ ಪಾತ್ರೆ ತೊಳೆದಿಡೋಣ ಅಂತ ಬಂದ ಪಕ್ಕದ ಮನೆಯಾಕೆ ಯಾವುದೋ ವೈರಿಗೆ ಕೈ ಹಾಕಿದಳು. ಕಿಟಕಿಯ ಪಕ್ಕ ನಿಂತಿದ್ದ ಅಣ್ಣ ಬೀದಿಗೆಲ್ಲ ಕೇಳುವಂತೆ ಹೇಳಿದ: "ಬಿಳಿ ಪ್ಲಗ್ಗು ಮುಟ್ಟಬೇಡಿ!"

ಮುಂದಿನ ಸುತ್ತು ಬಂತು. ನಾಲ್ಕು ಸ್ವರ, ಗುಂಯ್, ಒಂದು ಉಸಿರು, ಢಬ್. ಅದರ ಬೆನ್ನಿಗೇ, ಬಿಳಿ ಪ್ಲಗ್ಗು ಮುಟ್ಟಬೇಡಿ.

ಅಣ್ಣ ತಂಗಿಯತ್ತ ತಿರುಗಿದ. "ಹಾಳು ಮಾಡಿಬಿಟ್ಟೆನಾ?"

ಹೆಂಡತಿ ಇನ್ನೊಂದು ಸುತ್ತು ಕೇಳಿಸಿಕೊಂಡಳು. ಬೆಳಗಿನಿಂದ ಮೊದಲ ಸಲ ಅವಳ ತುಟಿಯಂಚು ಸಡಿಲಾಯಿತು.

"ಇರಲಿ," ಅಂದಳು. "ನೀನು ಇಲ್ಲೇ ಇರು. ಕಾಯ್ತಾ ಇರು."

ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು.

ಅವರೆಲ್ಲ ಅವನನ್ನು ಮಣ್ಣು ಮಾಡಿ ವಾಪಸಾದಾಗ ಸಂಜೆ ಬಿಸಿಲು ಬೀದಿಯಲ್ಲಿ ಇನ್ನೂ ಇತ್ತು. ತಿರುವಿನಲ್ಲೇ ಕೇಳಿಸಿತು: ನಾಲ್ಕು ಸ್ವರ, ಢಬ್, ಬಿಳಿ ಪ್ಲಗ್ಗು. ಮನೆಯ ಮುಂದೆ ಬಂದ ಮೇಲೆ ನಿಧಾನಿ ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತು ತೊಡೆಗೆ ಕೈಯಿಟ್ಟುಕೊಂಡ. ಹೆಂಡತಿ ಮೇಲೆ ಹೋದಳು. ಅಣ್ಣ ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಂಡು, ಬಿಳಿ ಪ್ಲಗ್ಗಿಗೆ ಬೆನ್ನು ಕೊಟ್ಟು, ಆರಿ ತಣ್ಣಗಾದ ಟೀ ಲೋಟ ಕೈಯಲ್ಲಿ ಹಿಡಿದು ಕೂತಿದ್ದ. ಖಾಲಿ ಜಾಗ ಬಂದಾಗಲೆಲ್ಲ ಉಸಿರು ಹಿಡಿಯುತ್ತಿದ್ದ.