ದೊಡ್ಡ ಮೇಡಂ ಹೇಳದೆ ಬಿಟ್ಟ ಪಾಠ

ಮನೆಯಲ್ಲಿ ಅತ್ತೆಯ ಬಾಯಲ್ಲಿ ಅವರು ದೊಡ್ಡವಳು, ಚಿಕ್ಕವಳು. ಶಾಲೆಯಲ್ಲಿ ಮಕ್ಕಳ ಬಾಯಲ್ಲಿ ದೊಡ್ಡ ಮೇಡಂ, ಚಿಕ್ಕ ಮೇಡಂ. ಒಂದೇ ಮನೆಗೆ ಸೊಸೆಯರಾಗಿ ಬಂದ ಓರಗಿತ್ತಿಯರು, ಒಂದೇ ಹೈಸ್ಕೂಲಿನಲ್ಲಿ ಕೆಲಸ, ಬೆಳಗ್ಗೆ ಒಂದೇ ಬಸ್ಸು. ಇಷ್ಟೆಲ್ಲ ಒಂದೇ ಆದ ಮೇಲೂ ಹೊಟ್ಟೆಕಿಚ್ಚು ಮಾತ್ರ ಒಬ್ಬಳ ಪಾಲಿಗೇ ಬಂದಿತ್ತು.

ದೊಡ್ಡವಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಅದೂ ಮೊದಲ ದರ್ಜೆಯಲ್ಲಿ. ಅವಳ ಬೋರ್ಡು ನೋಡಿದರೆ ಅಚ್ಚು ಹಾಕಿದ ಹಾಗಿರುತ್ತಿತ್ತು. ಪಾಠದಲ್ಲಿ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಚಿಕ್ಕವಳು ಓದಿದ್ದು ಸಸ್ಯಶಾಸ್ತ್ರ. ರಸಾಯನಶಾಸ್ತ್ರದ ಇನ್ನೊಬ್ಬ ಮೇಷ್ಟ್ರಿಗೆ ಆ ವರ್ಷ ವರ್ಗವಾದಾಗ ಮುಖ್ಯೋಪಾಧ್ಯಾಯಿನಿ ಅವಳನ್ನು ಕರೆದು, "ಹತ್ತನೇ ಕ್ಲಾಸ್ ಬಿ ಸೆಕ್ಷನ್ ಈ ವರ್ಷ ನೀವೇ ಹೇಗಾದ್ರೂ ಸುಧಾರಿಸಿಬಿಡಿ" ಎಂದರು. ಚಿಕ್ಕವಳು ಹೂಂ ಎಂದಳು. ಅದೇ ಬಿ ಸೆಕ್ಷನ್ನಿನಲ್ಲಿ ದೊಡ್ಡವಳ ಒಬ್ಬಳೇ ಮಗಳಿದ್ದಳು. ಹೆತ್ತವರು ಪಾಠ ಮಾಡುವ ಸೆಕ್ಷನ್ನಿನಲ್ಲಿ ಮಕ್ಕಳನ್ನು ಕೂರಿಸಬಾರದೆಂಬುದು ಶಾಲೆಯ ನಿಯಮ. ಚಿಕ್ಕಮ್ಮನ ಬಗ್ಗೆ ಆ ನಿಯಮ ಏನೂ ಹೇಳುತ್ತಿರಲಿಲ್ಲ.

ಪರಮಾಣುವಿನ ಪಾಠ ಶುರುವಾದ ವಾರ ದೊಡ್ಡವಳು ಎ ಸೆಕ್ಷನ್ನಿನಲ್ಲಿ ರುದರ್‌ಫೋರ್ಡ್ ಮಾದರಿಯ ಚಿತ್ರ ಬರೆಯುತ್ತಿದ್ದಳು. ಹಿಂದೆ ಗುಸುಗುಸು ಕೇಳಿಸಿತು. ತಿರುಗಿದರೆ ಇಡೀ ಕ್ಲಾಸಿನ ಕತ್ತು ಕಿಟಕಿಯ ಕಡೆಗೆ. ಹೊರಗೆ ಮೈದಾನದ ನಡುವೆ ಚಿಕ್ಕವಳು ಒಂದು ಕಾಳುಮೆಣಸನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ನಿಂತಿದ್ದಳು.

"ಪರಮಾಣು ಈ ಮೈದಾನದಷ್ಟು ದೊಡ್ಡದಾದ್ರೆ ನ್ಯೂಕ್ಲಿಯಸ್ ಇಷ್ಟೇ ಇಷ್ಟು! ಎಲೆಕ್ಟ್ರಾನ್‌ಗಳೆಲ್ಲ ಎಲ್ಲಿ? ಓಡಿ, ಬೇಲಿ ಹತ್ತಿರ ಓಡಿ! ಮಧ್ಯದಲ್ಲಿ ಏನಿದೆ?"

"ಏನೂ ಇಲ್ಲ!" ಎಂದು ಮಕ್ಕಳು ಕೂಗಿದರು.

ಬೇಲಿಯ ಗುಂಟ ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು ದೊಡ್ಡವಳ ಮಗಳು. ಮನೆಯಲ್ಲಿ ತಾಯಿ ಪುಸ್ತಕ ತೆಗೆದರೆ ಆಕಳಿಸುವ ಹುಡುಗಿ, ಜಡೆ ಬಿಚ್ಚಿಹೋದದ್ದೂ ಗೊತ್ತಿಲ್ಲದೆ, ನಗುತ್ತ ಓಡುತ್ತಿದ್ದಳು. ದೊಡ್ಡವಳು ಹೋಗಿ ಕಿಟಕಿ ಮುಚ್ಚಿದಳು. "ಅದು ಪಾಠ ಅಲ್ಲ, ಜಾತ್ರೆ. ಬರ್ಕೊಳ್ಳಿ" ಎಂದಳು. ಮಕ್ಕಳು ಬರೆದುಕೊಂಡರು. ಅವಳ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಗಿತ್ತು.

ಸಂಜೆ ಮನೆಯಲ್ಲೂ ಅದೇ ರಾಮಾಯಣ. ಮಗಳು ಚೀಲ ಬಿಸಾಡಿ, "ಚಿಕ್ಕಮ್ಮ, ಬೇಲಿ ಆಚೆಗೂ ಎಲೆಕ್ಟ್ರಾನ್ ಇರಬಹುದಾ?" ಎನ್ನುತ್ತ ನೇರ ಚಿಕ್ಕವಳ ಕೋಣೆಗೆ ನುಗ್ಗಿದಳು.

"ನನ್ನನ್ನ ಕೇಳಬಾರದಾ?" ಎಂದಳು ದೊಡ್ಡವಳು.

"ನೀನು ಪುಸ್ತಕದಲ್ಲಿರೋದೇ ಹೇಳ್ತೀಯ, ಅಮ್ಮ."

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಆದರೆ ಇಲ್ಲಿ ಎರಡು ಗಿಡವೂ ಒಂದೇ ಹಿತ್ತಲಿನವು, ಒಂದು ಮಾತ್ರ ಮದ್ದಾಗಿತ್ತು. ದೊಡ್ಡವಳಿಗೆ ಸಹಿಸಲಾಗದ್ದು ಅದು.

ಬೈಜಿಕ ರಸಾಯನದ, ಅಂದರೆ ನ್ಯೂಕ್ಲಿಯಸ್ಸಿನ ಒಳಗಿನ ಬದಲಾವಣೆಗಳ ಪಾಠ ಬರುವ ಹಿಂದಿನ ಭಾನುವಾರ ಚಿಕ್ಕವಳು ಪುಸ್ತಕ ಹಿಡಿದು ಬಂದಳು. ದೊಡ್ಡವಳು ವರಾಂಡದಲ್ಲಿ ಕಾಲು ಚಾಚಿ ಪೇಪರ್ ಓದುತ್ತಿದ್ದಳು.

"ಅಕ್ಕ, ಈ ಬೀಟಾ ಕ್ಷಯ ನನಗೆ ಸರಿಯಾಗಿ ತಲೆಗೆ ಹತ್ತಲಿಲ್ಲ. ಎಲೆಕ್ಟ್ರಾನ್ ಹೊರಗೆ ಬರತ್ತೆ ಅಂತಿದೆ, ಎಲ್ಲಿಂದ ಅಂತ ಬಿಡಿಸಿ ಹೇಳಿಲ್ಲ. ಸ್ವಲ್ಪ ಹೇಳ್ತೀರಾ?"

"ನಂಗೀಗ ಪುರುಸೊತ್ತಿಲ್ಲ. ಪುಸ್ತಕದಲ್ಲೇ ಇದೆ, ಇನ್ನೊಂದ್ಸಲ ಓದು" ಎಂದಳು ದೊಡ್ಡವಳು, ಪೇಪರಿನಿಂದ ಕಣ್ಣೆತ್ತದೆ. ಚಿಕ್ಕವಳು ಪುಸ್ತಕ ಮುಚ್ಚಿ, "ಆಗಲಿ ಅಕ್ಕ" ಎಂದು ಒಳಗೆ ಹೋದಳು.

ಆ ವಾರದ ಕೊನೆಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತ ದೊಡ್ಡವಳ ಕಿವಿಗೆ ಮಗಳ ದನಿ ಬಿತ್ತು. ಅಜ್ಜಿ ಬಟಾಣಿ ಬಿಡಿಸುತ್ತಿದ್ದರು. ಮಗಳು ತಟ್ಟೆಯ ಮಧ್ಯದಲ್ಲಿ ಬಟಾಣಿಯನ್ನೂ ಕಡಲೆಕಾಳನ್ನೂ ಗುಡ್ಡೆ ಹಾಕಿ, ಅಂಚಿನಲ್ಲಿ ಸುತ್ತಲೂ ಸಾಸಿವೆ ಇಟ್ಟಿದ್ದಳು.

"ನೋಡು ಅಜ್ಜಿ, ಇದು ಕಾರ್ಬನ್ ಹದಿನಾಲ್ಕು. ಬಟಾಣಿ ಪ್ರೋಟಾನ್, ಕಡಲೆ ನ್ಯೂಟ್ರಾನ್. ಇದು ಇರೋಕಾಗದೆ ಏನ್ಮಾಡತ್ತೆ ಗೊತ್ತಾ? ಈ ಅಂಚಲ್ಲಿರೋ ಎಲೆಕ್ಟ್ರಾನನ್ನ ಹೀಗೆ ಚಿಮ್ಮಿಬಿಡತ್ತೆ!" ಒಂದು ಸಾಸಿವೆ ಹಾರಿ ಗೋಡೆಗೆ ಬಡಿಯಿತು. "ಅದೇ ಬೀಟಾ ಕಣ. ಆಮೇಲೆ ಇದು ನೈಟ್ರೋಜನ್ ಆಗತ್ತೆ."

"ಸಾಸಿವೆ ಹಾರಿಸಿದ್ದಕ್ಕೆ ಬಟಾಣಿ ಹೇಗೇ ಬದಲಾಗತ್ತೆ?" ಎಂದರು ಅಜ್ಜಿ.

"ಚಿಕ್ಕಮ್ಮ ಹಾಗೇ ಹೇಳಿದ್ದು. ವಿಜ್ಞಾನ ದಿನಕ್ಕೆ ಸ್ಟೇಜ್ ಮೇಲೆ ಇದನ್ನ ನಾನೇ ಹೇಳ್ತಿರೋದು."

ತಪ್ಪು. ದೊಡ್ಡವಳಿಗೆ ಅದು ಕೇಳಿದ ಕ್ಷಣವೇ ಗೊತ್ತಾಯಿತು. ಬೀಟಾ ಕಣ ಅಂಚಿನಿಂದ ಬರುವುದಿಲ್ಲ, ನ್ಯೂಕ್ಲಿಯಸ್ಸಿನ ಒಳಗಿಂದಲೇ ಬರುತ್ತದೆ. ಅಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ, ಅದಕ್ಕೇ ಕಾರ್ಬನ್ ನೈಟ್ರೋಜನ್ ಆಗುವುದು. ತಿದ್ದಲು ಒಂದು ನಿಮಿಷ ಸಾಕಿತ್ತು. ಬಾಯಿ ತೆರೆದೂ ಆಗಿತ್ತು. ಆಗ ಅವಳ ಮನಸ್ಸಿಗೆ ವಿಜ್ಞಾನ ದಿನದ ಸಭೆ ಬಂತು, ಅಲ್ಲಿ ಎಲ್ಲರೆದುರು ಚಿಕ್ಕ ಮೇಡಂ ತಲೆ ತಗ್ಗಿಸಿ ಕೂತದ್ದು ಕಣ್ಣಿಗೆ ಕಟ್ಟಿತು. ಅವಳು ಬಾಯಿ ಮುಚ್ಚಿಕೊಂಡು ಒಲೆಯ ಕಡೆಗೆ ತಿರುಗಿದಳು. ಸ್ಟೇಜಿನ ಮೇಲೆ ನಿಲ್ಲುವವಳು ತನ್ನ ಮಗಳು ಎಂಬುದು ಅವಳಿಗೆ ಆಗ ಹೊಳೆಯಲಿಲ್ಲವೋ, ಹೊಳೆದರೂ ಅದನ್ನು ಬದಿಗಿಟ್ಟಳೋ, ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೇ ತಿಳಿಯಲಿಲ್ಲ.

ವಿಜ್ಞಾನ ದಿನದ ಅತಿಥಿಯಾಗಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಕಿರಣದ ಉಸ್ತುವಾರಿ ನೋಡುವ ತಜ್ಞರು ಬಂದಿದ್ದರು. ನರೆತ ಗಡ್ಡ, ಮೆಲು ಮಾತು. ಮಗಳು ದೊಡ್ಡ ತಟ್ಟೆಯೊಂದಿಗೆ ಸ್ಟೇಜು ಹತ್ತಿ, ಪಟಪಟನೆ ಎಲ್ಲ ಹೇಳಿ ಸಾಸಿವೆ ಚಿಮ್ಮಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ತಜ್ಞರು ನಗುತ್ತಲೇ ಕೇಳಿದರು.

"ಬಹಳ ಚೆನ್ನಾಗಿ ಹೇಳಿದೆ ಮಗಳೇ. ಒಂದೇ ಪ್ರಶ್ನೆ. ಹೊರಗಿನ ಎಲೆಕ್ಟ್ರಾನ್ ಹೋದ್ರೆ ಒಳಗೆ ಪ್ರೋಟಾನ್ ಎಷ್ಟಿರತ್ತೆ?"

"ಆರು, ಸರ್."

"ಆರು ಇದ್ರೆ ಅದು ಯಾವ ಧಾತು?"

"ಕಾರ್ಬನ್..." ಎಂದವಳು ಅಲ್ಲಿಗೇ ನಿಂತಳು. ತಟ್ಟೆ ನೋಡಿದಳು. ಎದುರಿನ ಮುಖಗಳನ್ನು ನೋಡಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ಕೈಯಲ್ಲಿದ್ದ ತಟ್ಟೆ ವಾಲಿ, ಬಟಾಣಿ ಒಂದೊಂದೇ ಉದುರಿ ಸ್ಟೇಜಿನ ಮೇಲೆ ಉರುಳಿದವು.

ದೊಡ್ಡವಳು ಕಾದಿದ್ದ ಗಳಿಗೆ ಇದು. ಈಗ ಅದು ಅವಳಿಗೆ ಬೇಡವಾಗಿತ್ತು. ಎದ್ದು ಓಡಿಹೋಗಿ ಮಗಳನ್ನು ತಬ್ಬಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಇನ್ನೊಬ್ಬಳು ಎದ್ದಿದ್ದಳು.

"ಸರ್, ಅವಳದ್ದೇನೂ ತಪ್ಪಿಲ್ಲ. ಹಾಗೆ ಹೇಳಿಕೊಟ್ಟಿದ್ದು ನಾನು" ಎಂದಳು ಚಿಕ್ಕವಳು, ಇಡೀ ಸಭೆಗೆ ಕೇಳುವ ಹಾಗೆ. "ನಾನು ಗಿಡಮರ ಓದಿದವಳು. ನನಗೂ ಇದು ಗೊತ್ತಿಲ್ಲ. ನಮಗಿಬ್ಬರಿಗೂ ಹೇಳಿಬಿಡಿ." ಹೇಳಿದವಳೇ ಸ್ಟೇಜ್ ಹತ್ತಿ, ಬಗ್ಗಿ ಬಟಾಣಿ ಹೆಕ್ಕಿ, ಹುಡುಗಿಯ ಪಕ್ಕದಲ್ಲಿ ತಾನೂ ವಿದ್ಯಾರ್ಥಿನಿಯ ಹಾಗೆ ನಿಂತಳು. ತಜ್ಞರು ಒಂದು ಕಡಲೆಕಾಳು ತೆಗೆದು ಆ ಜಾಗದಲ್ಲಿ ಬಟಾಣಿ ಇಟ್ಟು ತೋರಿಸಿದರು. "ಗೊತ್ತಿಲ್ಲ ಅಂತ ಇಷ್ಟು ಗಟ್ಟಿಯಾಗಿ ಹೇಳೋ ಟೀಚರನ್ನ ನಾನು ನೋಡಿರಲಿಲ್ಲ" ಎಂದರು. ಈಗ ಬಿದ್ದ ಚಪ್ಪಾಳೆಯ ಮುಂದೆ ಮೊದಲಿನದ್ದು ಏನೇನೂ ಅಲ್ಲ. ಮಗಳು ಚಿಕ್ಕಮ್ಮನ ತೋಳಿಗೆ ಮುಖ ಒತ್ತಿಕೊಂಡಿದ್ದಳು.

ಸೋತವಳನ್ನೇ ಹೊತ್ತು ಮೆರೆಸಿದರಲ್ಲ! ಚಪ್ಪಾಳೆ ತಟ್ಟುತ್ತ ಕೂತ ದೊಡ್ಡವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆ ನಾಚಿಕೆಯ ಅಡಿಯಲ್ಲೂ ಹೊಟ್ಟೆಯೊಳಗಿನ ಕಿಚ್ಚು ತನ್ನ ಪಾಡಿಗೆ ತಾನು ಉರಿಯುತ್ತಲೇ ಇತ್ತು.

ಸಂಜೆ ಮಗಳು ಬಟ್ಟೆ ಮಡಿಸುತ್ತಿದ್ದ ತಾಯಿಯ ಬಳಿ ಬಂದು ನಿಂತಳು.

"ಅಮ್ಮ, ನಾನು ಅಜ್ಜಿಗೆ ಹೇಳ್ತಿದ್ದಾಗ ನೀನು ಬಾಗಿಲಲ್ಲೇ ಇದ್ದೆ."

ದೊಡ್ಡವಳು ಮಡಿಸಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ನಿಂಗೆ ಗೊತ್ತಿತ್ತಲ್ವಾ?"

"ಹೂಂ."

"ಮತ್ತೆ ಯಾಕೆ ಹೇಳ್ಲಿಲ್ಲ?"

ದೊಡ್ಡವಳು ಇನ್ನೊಂದು ಟವೆಲಿಗೆ ಕೈ ಹಾಕಿದಳು. ಮಗಳು ಬಹಳ ಹೊತ್ತು ಅವಳ ಮುಖ ನೋಡಿದಳು. ಕೊನೆಗೆ, "ಚಿಕ್ಕಮ್ಮಂಗೆ ನಾನು ಹೇಳಲ್ಲ, ಬಿಡು" ಎಂದು ಹೊರಟುಹೋದಳು. ಮಗಳು ಬೈದಿದ್ದರೆ, ಅತ್ತಿದ್ದರೆ ಹೇಗಾದರೂ ತಾಳಿಕೊಳ್ಳಬಹುದಿತ್ತು. ಹದಿನೈದರ ಹುಡುಗಿ ತಾಯಿಯ ಮಾನ ಕಾಯುತ್ತೇನೆ ಎಂದು ಹೇಳಿ ಹೋದದ್ದು ಅವಳನ್ನು ಕೂತಲ್ಲೇ ಕುಗ್ಗಿಸಿತು.

ಸೋಮವಾರ ಬಸ್ಸಿನಲ್ಲಿ ಚಿಕ್ಕವಳು, "ಅಕ್ಕ, ಹೆಡ್ ಮೇಡಂ ಒಪ್ಪಿದಾರೆ, ಬಿ ಸೆಕ್ಷನ್ನಿಗೆ ಒಂದು ಪಿರಿಯಡ್ ನೀವೇ ಬಂದು ಸರಿಯಾದ್ದು ಹೇಳಿಬಿಡಿ. ನಾನು ಹೇಳಿದ್ರೆ ಮತ್ತೆ ಎಡವಟ್ಟಾದೀತು" ಎಂದಳು. ಇಲ್ಲವೆನ್ನಲು ದೊಡ್ಡವಳಿಗೆ ಮುಖವಿರಲಿಲ್ಲ.

ಪಾಠ ಎಂದಿನಂತೆ ಚೊಕ್ಕವಾಗಿ ನಡೆಯಿತು. ಮಕ್ಕಳು ಎಂದಿನಂತೆ ತಲೆ ಬಗ್ಗಿಸಿ ಬರೆದುಕೊಂಡರು. ಮಗಳು ಮಾತ್ರ ಆಗಾಗ ಹಿಂದಕ್ಕೆ ತಿರುಗಿ, ಕೊನೆಯ ಬೆಂಚಿನಲ್ಲಿ ಕೂತ ಚಿಕ್ಕಮ್ಮನಿಗೆ ಅರ್ಥವಾಯಿತೇ ಎಂದು ನೋಡುತ್ತಿದ್ದಳು. ಮುಗಿಯುವ ಹೊತ್ತಿಗೆ ಆ ಬೆಂಚಿನಿಂದಲೇ ಒಂದು ಕೈ ಎದ್ದಿತು.

"ಮೇಡಂ, ನ್ಯೂಟ್ರಾನ್ ಒಳಗೆ ಎಲೆಕ್ಟ್ರಾನ್ ಮೊದಲೇ ಅಡಗಿ ಕೂತಿತ್ತಾ?"

ಮಕ್ಕಳೆಲ್ಲ ನಕ್ಕರು. ದೊಡ್ಡವಳಿಗೆ ನಗು ಬರಲಿಲ್ಲ. ಇಷ್ಟು ವರ್ಷದಲ್ಲಿ ಅವಳ ಕ್ಲಾಸಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ಇಲ್ಲ. ಮೊದಲು ಇರಲಿಲ್ಲ" ಎಂದಳು ನಿಧಾನವಾಗಿ. "ಹೊರಗೆ ಬರೋ ಕ್ಷಣದಲ್ಲೇ ಅದು ಹುಟ್ಟತ್ತೆ."

"ಹಾಗಾದ್ರೆ ಇಲ್ಲದ್ದು ಎಲ್ಲಿಂದ ಬಂತು, ಮೇಡಂ?" ಮೂರನೇ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಿದ್ದಳು. ಅವಳ ಹಿಂದೆ ಇನ್ನೊಬ್ಬ, ಅವನ ಪಕ್ಕದಲ್ಲಿ ಮತ್ತೊಬ್ಬ. ದೊಡ್ಡವಳು ಸೀಮೆಸುಣ್ಣ ಕೆಳಗಿಟ್ಟು ಮೇಜಿಗೆ ಒರಗಿದಳು. ಶಕ್ತಿ ಕಣವಾಗುವ ಕಥೆ ಹೇಳತೊಡಗಿದಳು. ಪುಸ್ತಕದಲ್ಲಿಲ್ಲದ್ದು ಅದು, ಕಾಲೇಜಿನಲ್ಲಿ ತನ್ನನ್ನು ವಾರಗಟ್ಟಲೆ ಕಾಡಿದ್ದು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ತನ್ನ ಕ್ಲಾಸಿಗೆ ಜೀವ ಬಂದದ್ದೂ ಆ ಕೊನೆಯ ಬೆಂಚಿನವಳ ದಯೆಯಿಂದಲೇ ಎಂದು ಹೊಳೆದಾಗ ಒಳಗೆ ಚುರುಕ್ ಎಂದಿತು. ಆದರೂ ಕಥೆ ನಿಲ್ಲಿಸಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಅವಳು ಓರಗಿತ್ತಿಯ ತೋಳು ಹಿಡಿದು ನಿಲ್ಲಿಸಿದಳು.

"ಅವತ್ತು ನೀನು ಕೇಳಿದಾಗ ನನಗೆ ಪುರುಸೊತ್ತಿತ್ತು. ಆಮೇಲೆ ತಪ್ಪು ಅಂತ ಗೊತ್ತಾದಾಗಲೂ ಸುಮ್ಮನಿದ್ದೆ."

ಚಿಕ್ಕವಳ ಮುಖದ ನಗು ಆರಿತು. "ಪುರುಸೊತ್ತಿದ್ದಿದ್ದು ನನಗೂ ಕಾಣ್ತಿತ್ತು. ಇನ್ನೊಂದು ಗೊತ್ತಿರಲಿಲ್ಲ" ಎಂದಳು. "ನನ್ನ ಮೇಲೆ ಸಿಟ್ಟಿದ್ರೆ ನನಗೇ ಬೈಯಿರಿ ಅಕ್ಕ. ಹುಡುಗಿ ಅವತ್ತು ನಡುಗಿಹೋದ್ಲು" ಎಂದು ಸ್ಟಾಫ್ ರೂಮಿನ ಕಡೆ ನಡೆದಳು. ಎರಡು ದಿನ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಮೂರನೆಯ ದಿನ, ಸೀಟು ಸಿಗಲಿಲ್ಲವೆಂಬ ನೆಪದಲ್ಲಿ ಪಕ್ಕಕ್ಕೆ ಬಂದು, ಚೀಲದಿಂದ ರಸಾಯನಶಾಸ್ತ್ರದ ಪುಸ್ತಕ ತೆಗೆದು, "ಇದು ಅರ್ಥ ಆಗಲಿಲ್ಲ" ಎಂದು ಬೆರಳಿಟ್ಟಳು. ದೊಡ್ಡವಳು ಶಾಲೆ ಬರುವವರೆಗೂ ಬಿಡಿಸಿ ಬಿಡಿಸಿ ಹೇಳಿದಳು.

ಆಮೇಲೆ ಸಂಜೆ ಊಟದ ಮೇಜಿನ ಸುತ್ತ ಮೂವರೂ ಕೂರುವುದು ರೂಢಿಯಾಯಿತು. ಹೊಟ್ಟೆಕಿಚ್ಚು ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಚಿಕ್ಕಮ್ಮನ ಜೋಕಿಗೆ ಮಗಳು ಬಿದ್ದು ಬಿದ್ದು ನಕ್ಕಾಗ ದೊಡ್ಡವಳ ಪೆನ್ನು ಈಗಲೂ ಒಂದು ಕ್ಷಣ ನಿಲ್ಲುತ್ತಿತ್ತು. ಒಂದು ದಿನ ಮಗಳು ಪುಸ್ತಕದಿಂದ ತಲೆಯೆತ್ತಿ, "ಅಮ್ಮ, ನ್ಯೂಕ್ಲಿಯಸ್ಸನ್ನ ಯಾರೂ ಕಣ್ಣಲ್ಲಿ ನೋಡಿಲ್ಲ. ಮತ್ತೆ ಅದು ಇದೆ ಅಂತ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು.

ಚಿಕ್ಕಮ್ಮ ಎಂದಲ್ಲ, ಅಮ್ಮ ಎಂದೇ ಕರೆದಿದ್ದಳು. ದೊಡ್ಡವಳು ಉತ್ತರ ಹೇಳುವ ಮೊದಲು ಮೆಲ್ಲಗೆ ಕಣ್ಣು ಹೊರಳಿಸಿ, ಓರಗಿತ್ತಿಗೆ ಅದು ಕೇಳಿಸಿತೋ ಇಲ್ಲವೋ ಎಂದು ನೋಡಿದಳು. ಕೇಳಿಸಿತ್ತು. ಚಿಕ್ಕವಳು ತುಟಿ ಕಚ್ಚಿ ನಗು ತಡೆಯುತ್ತ, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.